ಮೂವತ್ತೇಳು ತೂತು ಮತ್ತು ಇನ್ನೊಂದು

"ಮೈಯಲ್ಲಿ ಎಲ್ಲಿ ಕಚ್ಚಿತು ಅಂತ ಇಲ್ಲಿ ಬರೀಬೇಕು," ಎಂದರು ಹೆಡ್‌ಮಾಸ್ಟರ್ ಮುಕುಂದಯ್ಯನವರು. ಅವರ ಪೆನ್ನು ಕಾಗದದ ಮೇಲೆ ಸುಮ್ಮನೆ ನಿಂತಿತ್ತು.

ಮೇಜಿನ ಎದುರು ನಿಂತಿದ್ದ ಐದನೇ ಕ್ಲಾಸಿನ ಪುಷ್ಪರಾಜ್ ನೆಲ ನೋಡಿದ. "ಎರಡು ತೊಡೆಗೆ ಸರ್. ಇನ್ನು ಮೂರು..."

"ಇನ್ನು ಮೂರು?"

"ನಿಮಗೆ ಗೊತ್ತಲ್ಲ ಸರ್."

ಸರ್‌ಗೆ ಗೊತ್ತಿತ್ತು. ಸೋಮವಾರ ಶಾಲೆಯ ಕೈತೋಟದಲ್ಲಿ ಕಣಜದ ಹುಳಗಳು ಪುಷ್ಪರಾಜನನ್ನು ಅಟ್ಟಾಡಿಸಿ ಕಚ್ಚಿದ್ದವು. ಆಗ ಅವನನ್ನು ಅಕ್ಕಿ ಮೂಟೆಯ ಹಾಗೆ ಸ್ಕೂಟರಿನ ಮುಂದೆ ಅಡ್ಡ ಹಾಕಿಕೊಂಡು ನಗರದ ಆಸ್ಪತ್ರೆಗೆ ಓಡಿದವರೇ ಮುಕುಂದಯ್ಯನವರು. ದಾರಿಯಲ್ಲಿ ಹುಡುಗ ಅತ್ತದ್ದಕ್ಕಿಂತ ಸರ್ ಬೆವರಿದ್ದೇ ಹೆಚ್ಚು. ಇಂಜೆಕ್ಷನ್ ಕೊಡುವಾಗ ಹುಡುಗ ಕಣ್ಣು ಬಿಟ್ಟುಕೊಂಡೇ ಇದ್ದ. ಕಣ್ಣು ಮುಚ್ಚಿಕೊಂಡವರು ಸರ್.

ಆದರೆ ಇಲಾಖೆಗೆ ಕಳಿಸುವ ವರದಿಯಲ್ಲಿ ಆ ಜಾಗವನ್ನು ಏನೆಂದು ಬರೆಯುವುದು? ಊರಲ್ಲಿ ಎಲ್ಲರೂ ಕರೆಯುವ ಹೆಸರನ್ನು ಬರೆದರೆ ಕಾಗದಕ್ಕೆ ಮರ್ಯಾದೆ ಇರುವುದಿಲ್ಲ.

"ಪೃಷ್ಠ ಅಂತ ಬರೀಬಹುದು ಸರ್," ಎಂದಳು ಭವ್ಯಾ. ಅವಳೂ ಐದನೇ ಕ್ಲಾಸು. ಹಾಜರಿ ಪುಸ್ತಕ ಕೊಡಲು ಬಂದವಳು ವಾಪಸು ಹೋಗದೆ ಬಾಗಿಲಲ್ಲೇ ನಿಂತಿದ್ದಳು. "ಪ ಕ್ಕೆ ಋ. ಆಮೇಲೆ ಷ ಕ್ಕೆ ಠ ಒತ್ತು."

"ನಂಗೆ ಕನ್ನಡ ಬರುತ್ತೆ," ಎಂದರು ಸರ್. ಆದರೂ ಅವಳು ಹೇಳಿದ ಹಾಗೆಯೇ ಬರೆದರು.

ಭವ್ಯಾಳಿಗೆ ಎಲ್ಲವೂ ಗೊತ್ತಿರುತ್ತಿತ್ತು. ಗೊತ್ತಿಲ್ಲದಿದ್ದರೂ ಗೊತ್ತಿರುವ ಹಾಗೆ ಹೇಳುವುದು ಗೊತ್ತಿತ್ತು. ಹೊಸನಗರದಲ್ಲಿ ನಡೆದ ತಾಲ್ಲೂಕು ಕ್ವಿಜ್‌ನಲ್ಲಿ ಅವಳಿಗೆ ಎರಡನೇ ಸ್ಥಾನ ಬಂದಿತ್ತು. ಮೊದಲನೇ ಸ್ಥಾನ ಬಂದವನ ಒಂದು ಉತ್ತರ ತಪ್ಪು ಎಂದು ಅವಳು ಈಗಲೂ ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿದ್ದಳು.

"ಮುಂದಿನ ಕಾಲಂ. ಘಟನೆಗೆ ಕಾರಣ," ಎಂದು ಸರ್ ಓದಿದರು. "ಅಲ್ಲ ಮಾರಾಯಾ, ನೀನು ಆ ತೂತಿಗೆ ಯಾಕೆ ಕೋಲು ಹಾಕ್ದೆ?"

"ಬಾಲ್ ಅಲ್ಲಿ ಹೋಗಿತ್ತು ಸರ್. ಗೋಡೆ ಬುಡದಲ್ಲಿ ತೂತು ಕಾಣ್ತು. ಕಚ್ಚಲ್ಲ ಅಂತ..." ಪುಷ್ಪರಾಜ್ ಒಮ್ಮೆ ಬಾಗಿಲ ಕಡೆ ನೋಡಿದ. ಭವ್ಯಾ ಬಾಗಿಲ ಮರೆಗೆ ಸರಿದಳು. "ಕಚ್ಚಲ್ಲ ಅಂತ ಯಾರೋ ಹೇಳಿದ್ರು ಸರ್."

"ಯಾರೋ ಅಂದ್ರೆ ಯಾರು?"

"ಮರ್ತು ಹೋಯ್ತು."

ಸರ್ ಪೆನ್ನಿನ ಮುಚ್ಚಳ ಹಾಕಿದರು. "ಹೋಗ್ಲಿ. ಶನಿವಾರ ದುಗ್ಗಪ್ಪ ಬರ್ತಾರೆ. ತೋಟದಲ್ಲಿ ಎಷ್ಟು ತೂತಿದೆಯೋ ಅಷ್ಟಕ್ಕೂ ಪೆಟ್ರೋಲ್ ಬಿಟ್ಟು ಸುಟ್ಟುಹಾಕೋದು. ಗಿಡ ಎಲ್ಲ ಕಿತ್ತು, ಇಂಟರ್‌ಲಾಕ್ ಟೈಲ್ಸ್ ಹಾಕ್ಸಿಬಿಡ್ತೀವಿ. ನೀವು ಪ್ರೇಯರ್‌ಗೆ ನಿಲ್ಲೋಕೆ ಒಳ್ಳೇ ಜಾಗ ಆಗುತ್ತೆ."

ದುಗ್ಗಪ್ಪ ಶಾಲೆಯ ಸಮಿತಿಯ ಅಧ್ಯಕ್ಷರು. ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಯಾವ ಕೆಲಸ ಹೇಳಿದರೂ ಮೊದಲು ಒಂದು ಸ್ಪ್ಯಾನರ್ ತರುತ್ತಿದ್ದರು. ಈ ಸಲ ಬೆಂಕಿಪೊಟ್ಟಣ ತರುವವರಿದ್ದರು.

ಹೊರಗೆ ಬಂದ ಮೇಲೆ ಭವ್ಯಾ, "ನನ್ ಹೆಸ್ರು ಹೇಳ್ಲಿಲ್ಲ ನೀನು. ಥ್ಯಾಂಕ್ಸ್," ಎಂದಳು.

"ಥ್ಯಾಂಕ್ಸ್ ಬೇಡ. ಕಿಟಕಿ ಪಕ್ಕದ ನಿನ್ ಸೀಟು ಬೇಕು. ವರ್ಷ ಪೂರ್ತಿ."

"ನಿಂಗೆ ಕೂತ್ಕೊಳ್ಳೋಕೇ ಆಗಲ್ವಲ್ಲ."

"ಆದ್ಮೇಲೆ ಕೂರ್ತೀನಿ," ಎಂದ ಪುಷ್ಪರಾಜ್. ಕಾಲು ಅಗಲ ಮಾಡಿಕೊಂಡು, ಬಾತುಕೋಳಿಯ ಹಾಗೆ ಕ್ಲಾಸಿನ ಕಡೆ ನಡೆದ.

ನಡೆದದ್ದು ಇಷ್ಟು. ಹಿಂದಿನ ವಾರ ಭವ್ಯಾ ಕೈತೋಟದ ಮುಂದಿನ ಪಾತಿಯಲ್ಲಿ ಸಣ್ಣ ಸಣ್ಣ ತೂತುಗಳನ್ನು ಕಂಡಿದ್ದಳು. ಪೆನ್ಸಿಲ್ ತೂರುವಷ್ಟು ದಪ್ಪದ ತೂತು. ಅವುಗಳೊಳಗೆ ನೀಲಿ ಪಟ್ಟೆಯ ಜೇನುಗಳು ಹೋಗಿ ಬರುತ್ತಿದ್ದವು. ಮನೆಗೆ ಹೋಗಿ ಅಪ್ಪನ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದಳು. ಮರುದಿನ ಇಡೀ ಕ್ಲಾಸನ್ನು ಸುತ್ತ ನಿಲ್ಲಿಸಿಕೊಂಡು ಭಾಷಣ ಮಾಡಿದಳು: "ನೆಲದಲ್ಲಿ ತೂತು ಮಾಡೋವು ಒಂಟಿ ಜೇನು. ಅವು ಕಚ್ಚೋದೇ ಇಲ್ಲ."

ವಿಡಿಯೋ ಒಟ್ಟು ಹನ್ನೊಂದು ನಿಮಿಷದ್ದು. ನಾಲ್ಕನೇ ನಿಮಿಷಕ್ಕೆ ಅಪ್ಪನಿಗೆ ಫೋನ್ ಬಂದು, ಅವಳು ಉಳಿದದ್ದನ್ನು ನೋಡಿರಲಿಲ್ಲ.

ಮಧ್ಯಾಹ್ನ ಊಟದ ತಟ್ಟೆ ತೊಳೆಯುವಾಗ ಅಡುಗೆಯ ಗುತ್ಯಮ್ಮ ಭವ್ಯಾಳ ಮುಖ ನೋಡಿದರು. ಬಿಸಿಯೂಟ ಮಾಡುವವರೂ ಅವರೇ, ಆ ಊಟಕ್ಕೆ ತರಕಾರಿ ಬೆಳೆಯುವವರೂ ಅವರೇ. ಕೈತೋಟಕ್ಕೆ ಸರ್ಕಾರದ ಕಾಗದದಲ್ಲಿ ಏನು ಹೆಸರಿತ್ತೋ, ಮಕ್ಕಳು ಮಾತ್ರ ಅದನ್ನು 'ಗುತ್ಯಮ್ಮನ ತೋಟ' ಎನ್ನುತ್ತಿದ್ದರು.

"ಎಂತಕ್ಕೆ ಹುಣಸೆಹಣ್ಣು ತಿಂದ ಹಂಗೆ ಮುಖ ಮಾಡ್ಕೊಂಡಿದೀಯಾ?"

"ಶನಿವಾರ ನಿಮ್ ತೋಟ ಸುಡ್ತಾರಂತೆ."

ಗುತ್ಯಮ್ಮ ಸೌಟು ಕೆಳಗಿಟ್ಟರು. "ಸುಟ್ಟು?"

"ಟೈಲ್ಸ್ ಹಾಕ್ತಾರಂತೆ."

"ಟೈಲ್ಸ್ ಮೇಲೆ ಬದನೆಕಾಯಿ ಬಿಡುತ್ತಾ? ಇನ್ನು ಸಾಂಬಾರಿಗೆ ಎಂತ ಹಾಕ್ಬೇಕಂತೆ, ಸಿಮೆಂಟಾ?"

ಅವರು ಭವ್ಯಾಳ ಕೈ ಹಿಡಿದು ಬದನೆ ಗಿಡದ ಹತ್ತಿರ ಕರೆದುಕೊಂಡು ಹೋದರು. ನೀಲಿ ಪಟ್ಟೆಯ ಒಂದು ಜೇನು ಬಂದು ನೇರಳೆ ಬಣ್ಣದ ಹೂವನ್ನು ತಬ್ಬಿಕೊಂಡು 'ಜುಂಯ್' ಎಂದು ಮೈ ನಡುಗಿಸಿತು. ಹೂವೂ ನಡುಗಿತು. ಹಳದಿ ಪುಡಿ ಉದುರಿ ಜೇನಿನ ಹೊಟ್ಟೆಗೆ ಅಂಟಿತು.

"ನೋಡು. ಹಿಂಗೆ ಅಲ್ಲಾಡಿಸಿದ್ರೆ ಕಾಯಿ ಚೆನ್ನಾಗಿ ಕಚ್ಚುತ್ತೆ. ದಿನಾ ಇವುಗಳ ಮಧ್ಯ ಕೂತು ಕಳೆ ಕೀಳ್ತೀನಿ. ಒಂದು ದಿನ ನನ್ನ ಮುಟ್ಟಿಲ್ಲ."

"ಆದ್ರೆ ಪುಷ್ಪರಾಜನ್ನ ಕಚ್ಚಿದಾವಲ್ಲ."

"ಅವು ಇವೇನಾ? ಊರಲ್ಲೊಬ್ಬ ಕಳ್ಳ ಇದ್ರೆ ಊರಿಗೇ ಬೆಂಕಿ ಇಡ್ತಾರಾ? ಯಾವ ತೂತಲ್ಲಿ ಯಾರಿದಾರೆ ಅಂತ ಕೂತು ನೋಡ್ದೋರು ಯಾರು ಹೇಳು. ನಿಮ್ ಸರೂ ನೋಡಿಲ್ಲ, ದುಗ್ಗಪ್ಪನೂ ನೋಡಿಲ್ಲ."

ಗುತ್ಯಮ್ಮ ಆ ಇಬ್ಬರ ಹೆಸರನ್ನಷ್ಟೇ ಹೇಳಿದ್ದರು. ಆದರೂ ಭವ್ಯಾಳ ಕಿವಿ ಬಿಸಿಯಾಯಿತು.

ಬುಧವಾರ ಮಧ್ಯಾಹ್ನದಿಂದಲೇ ಕೆಲಸ ಶುರುವಾಯಿತು. ಭವ್ಯಾ ಪೊರಕೆಯಿಂದ ಒಂದು ಹಿಡಿ ಕಡ್ಡಿ ಎಳೆದುಕೊಂಡಳು. ಪ್ರತಿ ತೂತಿನ ಪಕ್ಕ ಒಂದು ಕಡ್ಡಿ ಚುಚ್ಚಿ, ಅದಕ್ಕೆ ನಂಬರ್ ಬರೆದ ಚೀಟಿ ಸಿಕ್ಕಿಸಿದಳು. ಬರೆದುಕೊಳ್ಳುವ ಕೆಲಸ ಪುಷ್ಪರಾಜನದು. ಅವನಿಗೆ ಹೇಗೂ ಕೂರಲು ಆಗುತ್ತಿರಲಿಲ್ಲ. ಭವ್ಯಾಳ ಹಿಂದಿ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತೆರೆದುಕೊಂಡು, ಪೊಲೀಸರ ಹಾಗೆ ನಿಂತೇ ಬರೆಯುತ್ತಿದ್ದ.

"ನೀನ್ಯಾಕೆ ಇವನ್ನ ಉಳಿಸೋಕೆ ಬಂದೆ?" ಎಂದು ಭವ್ಯಾ ಕೇಳಿದಳು. "ನಿಂಗೆ ಸಿಟ್ಟಿಲ್ವಾ?"

"ಸಿಟ್ಟಿದೆ. ಆದ್ರೆ ನಮ್ಮಜ್ಜಿಗೆ ಸುಡೋ ವಿಷ್ಯ ಗೊತ್ತಾದ್ರೆ ಕತೆ ಮುಗೀತು. ಮೂರು ದಿನ ಉಪವಾಸ ಕೂರ್ತಾಳೆ. ಇರುವೆ ತುಳಿದ್ರೇ ಅರ್ಧ ಗಂಟೆ ಬಯ್ತಾಳೆ." ಪುಷ್ಪರಾಜನ ಅಜ್ಜಿ ಜಿನಮ್ಮ ರಾತ್ರಿ ದೀಪಕ್ಕೆ ಹುಳ ಬೀಳುತ್ತದೆಂದು ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವವರು. "ಬಸದಿಗೆ ಹೋದಾಗ ನನ್ನ ಬದಲು ಆ ಕಣಜಕ್ಕೆ ಒಳ್ಳೇದಾಗ್ಲಿ ಅಂತ ಕೇಳ್ಕೊಂಡ್ಲು. ನನ್ನೆದುರಿಗೇ."

ಮೊದಲನೇ ದಿನ ಹತ್ತೊಂಬತ್ತು ತೂತು ಸಿಕ್ಕವು. ಗುರುವಾರ ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಬಂದು ಹುಡುಕಿದಾಗ ಇನ್ನೂ ಹದಿನೆಂಟು. ಒಟ್ಟು ಮೂವತ್ತೇಳು.

ಭವ್ಯಾ ಮನೆಯಿಂದ ಗಾಜಿನ ಲೋಟ ತಂದಿದ್ದಳು. ಬಿಸಿಲು ಏರುವ ಮುಂಚೆ ಅದನ್ನು ಒಂದು ತೂತಿನ ಮೇಲೆ ಬೋರಲು ಹಾಕಿ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಜೇನು ಹೊರಬಂದು, ಗಾಜಿಗೆ ತಲೆ ಹೊಡೆದುಕೊಂಡು, ಇದೇನು ಹೊಸ ಕಾಟ ಎನ್ನುವ ಹಾಗೆ ಸುತ್ತುತ್ತಿತ್ತು. ಇನ್ನೊಂದು ಬರುತ್ತದೆಯೇ ಎಂದು ಕಾದರೆ ಇಲ್ಲ. ಲೋಟ ಎತ್ತಿದರೆ ಅದು ನೇರ ಕಾಮಕಸ್ತೂರಿ ಗಿಡಕ್ಕೆ ಹೋಗುತ್ತಿತ್ತು. ಭವ್ಯಾಳ ಮೂಗಿನ ಪಕ್ಕದಲ್ಲೇ ಹೋದರೂ ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಒಂದು ತೂತಿಗೆ ಒಬ್ಬಳೇ," ಎಂದಳು ಭವ್ಯಾ. "ಬರ್ಕೋ."

"ಬರ್ಕೊಂಡೆ. ಹದಿನಾಲ್ಕನೇ ನಂಬರಿಗೆ ಜಿನಮ್ಮ ಅಂತ ಹೆಸರಿಟ್ಟಿದೀನಿ. ಒಳಗೆ ಹೋಗೋವಾಗ್ಲೂ ಗೊಣಗುತ್ತೆ, ಹೊರಗೆ ಬರೋವಾಗ್ಲೂ ಗೊಣಗುತ್ತೆ."

ಮೂವತ್ತೇಳರಲ್ಲಿ ಆರು ತೂತು ಬೇರೆ ತರಹ ಇದ್ದವು. ಅವುಗಳ ಬಾಯಲ್ಲಿ ಮಣ್ಣಿನ ರಾಶಿ ದೊಡ್ಡದು. ಮಾಲಕಿ ಜೇನಲ್ಲ, ಉದ್ದ ಕಾಲಿನ, ಸಣ್ಣ ಸೊಂಟದ ಕಪ್ಪು ಕಣಜ. ಅದು ನಾಯಿಯ ಹಾಗೆ ಮುಂಗಾಲಿನಿಂದ ಮಣ್ಣು ಕೆರೆದು ಹಿಂದಕ್ಕೆ ತೂರುತ್ತಿತ್ತು. ಅದನ್ನು ಕಂಡ ಕೂಡಲೇ ಪುಷ್ಪರಾಜ್ ನೋಟ್‌ಬುಕ್ಕನ್ನು ಪೃಷ್ಠಕ್ಕೆ ಅಡ್ಡ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಿಂದೆ ಹೋದ.

"ಇವೇನಾ?"

"ಇವು... ಅಲ್ಲ ಅನ್ಸುತ್ತೆ. ಇಲ್ಲೂ ಒಂದೊಂದೇ ಇದಾವೆ. ನೋಡು, ಏನೋ ತರ್ತಿದೆ."

ಕಣಜ ತನಗಿಂತ ದಪ್ಪದ ಹಸಿರು ಮಿಡತೆಯನ್ನು ಮೀಸೆ ಹಿಡಿದು ಎಳೆದು ತರುತ್ತಿತ್ತು. ಮಿಡತೆ ಸತ್ತಿರಲಿಲ್ಲ, ಕಾಲು ಸಣ್ಣಗೆ ಅದುರುತ್ತಿತ್ತು, ಅಷ್ಟೆ. ಎಳೆದು ಎಳೆದು ತೂತಿನ ಬಾಗಿಲಲ್ಲಿ ಅದನ್ನು ಇಟ್ಟು, ಒಳಗೆ ಹೋಗಿ ಎಲ್ಲ ಸರಿಯಿದೆಯೇ ಎಂದು ನೋಡಿ ಬಂದು, ಆಮೇಲೆ ಒಳಗೆಳೆದುಕೊಂಡಿತು.

"ನಮ್ಮಪ್ಪ ಗ್ಯಾಸ್ ಸಿಲಿಂಡರ್ ತರೋದೂ ಹಿಂಗೇ," ಎಂದ ಪುಷ್ಪರಾಜ್. ನಾಲ್ಕು ಹೆಜ್ಜೆ ಮುಂದೆ ಬಂದ. "ಮಿಡತೆ ಯಾಕೆ?"

ಆ ರಾತ್ರಿ ಭವ್ಯಾ ಅಪ್ಪನ ಮೊಬೈಲನ್ನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ವಿಡಿಯೋದ ಉಳಿದ ಏಳು ನಿಮಿಷ ನೋಡಿದಳು. ಮಿಡತೆ ಮರಿಗಳಿಗಂತೆ. ಮೊಟ್ಟೆಯೊಡೆದು ಹೊರಬಂದ ಮರಿಗೆ ಬುತ್ತಿ ಸಿದ್ಧವಾಗಿರಬೇಕಂತೆ. ಒಂಬತ್ತನೇ ನಿಮಿಷದಲ್ಲಿ ಇನ್ನೊಂದು ಮಾತಿತ್ತು: ನೆಲದ ತೂತಿನಲ್ಲಿರುವವೆಲ್ಲ ಒಂಟಿಯಲ್ಲ. ಗುಂಪಾಗಿ ಬಾಳುವ ದೊಡ್ಡ ಕಣಜಗಳೂ ನೆಲದೊಳಗೆ ಗೂಡು ಕಟ್ಟುತ್ತವೆ. ಅವುಗಳ ಗೂಡು ಮುಟ್ಟಬಾರದು.

ಭವ್ಯಾ ಅದನ್ನು ಮೂರು ಸಲ ಹಿಂದಕ್ಕೆ ಎಳೆದು ಕೇಳಿದಳು. "ಅನ್ನ ಆರಿ ಕಲ್ಲಾಯ್ತು," ಎಂದು ಅಮ್ಮ ಬೈದರು.

ಶುಕ್ರವಾರ ಉಳಿದದ್ದು ಗೋಡೆ ಬುಡದ ತೂತು. ಗೋಡೆಯುದ್ದಕ್ಕೂ ಹಗ್ಗ ಕಟ್ಟಿದ್ದರಿಂದ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ನಿಂತರು. ಗೋಡೆಗೂ ಟ್ಯಾಂಕಿಗೂ ನಡುವೆ ಇಪ್ಪತ್ತೈದು ಹೆಜ್ಜೆಯಾದರೂ ಇತ್ತು. ಅಷ್ಟು ದೂರ ಸಾಲದು ಎಂದು ಪುಷ್ಪರಾಜ್ ಮತ್ತೆ ಹತ್ತು ಹೆಜ್ಜೆ ಹಿಂದೆ ನಿಂತ.

ಕೆಂಪು ಜಂಬಿಟ್ಟಿಗೆ ಕಲ್ಲಿನ ಹಳೇ ಗೋಡೆ. ಅದರ ಬುಡದಲ್ಲಿ ಹಿಂದೆ ಹೆಗ್ಗಣ ಕೊರೆದಿದ್ದ ದೊಡ್ಡ ಬಿಲ. ಬಿಲದ ಬಾಯಲ್ಲಿ ಎರಡು ಮೂರು ತಲೆಗಳು ಸದಾ ಹೊರಗೆ ನೋಡುತ್ತಿದ್ದವು. ಕಾವಲಿನವು. ಕಪ್ಪು ಮೈ, ಹೊಟ್ಟೆಗೆ ಅಗಲವಾದ ಹಳದಿ ಬೆಲ್ಟು. ಒಂದೊಂದೂ ಭವ್ಯಾಳ ಹೆಬ್ಬೆರಳಿನಷ್ಟು ದಪ್ಪ. ಒಂದು ಹೊರಗೆ ಹಾರುವಷ್ಟರಲ್ಲಿ ಎರಡು ಒಳಗೆ ಹೋಗುತ್ತಿದ್ದವು.

ಹತ್ತು ನಿಮಿಷದಲ್ಲಿ ಅರವತ್ತನಾಲ್ಕು ಸಲ ಬಂದು ಹೋದವು.

"ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಇದ್ದ ಹಂಗಿದೆ," ಎಂದು ಹಿಂದಿನಿಂದ ಪುಷ್ಪರಾಜ್ ಪಿಸುಗುಟ್ಟಿದ. "ಇವೇ. ಬೆಲ್ಟ್ ನಂಗೆ ಚೆನ್ನಾಗಿ ನೆನಪಿದೆ."

ಭವ್ಯಾ ತಿರುಗಿ ತೋಟದ ಕಡೆ ನೋಡಿದಳು. ಮುಂದಿನ ಪಾತಿಗೂ ಈ ಗೋಡೆಗೂ ನಡುವೆ ನಾಲ್ಕು ಸಾಲು ಬೆಂಡೆ ಗಿಡ. ಅಷ್ಟೇ. ಈ ಕಡೆಗೆ ಅವಳು ಒಂದು ಸಲವೂ ಬಂದಿರಲಿಲ್ಲ. ಪಾತಿ ನೋಡಿ ಇಡೀ ತೋಟದ ಬಗ್ಗೆ ಹೇಳಿಬಿಟ್ಟಿದ್ದಳು.

ನೋಟ್‌ಬುಕ್ ತೆಗೆದುಕೊಂಡು ಹೊಸ ಪುಟದಲ್ಲಿ ದೊಡ್ಡದಾಗಿ 'ಅಪಾಯ' ಎಂದು ಬರೆದಳು. ಅದರಡಿ ಎರಡು ಗೆರೆ ಎಳೆದಳು.

ಶನಿವಾರ ಬೆಳಿಗ್ಗೆ ದುಗ್ಗಪ್ಪ ಬಂದರು. ತಲೆಗೆ ಹೆಲ್ಮೆಟ್, ಮೈಗೆ ರೇನ್‌ಕೋಟ್, ಕೈಗೆ ಮಗಳ ಸ್ಕೂಟಿ ಗ್ಲೌಸ್. ಒಂದು ಕೈಯಲ್ಲಿ ಪೆಟ್ರೋಲ್ ಕ್ಯಾನು. ರೂಢಿಯ ಪ್ರಕಾರ ಒಂದು ಸ್ಪ್ಯಾನರೂ ಇತ್ತು. ಅವರ ಹಿಂದೆ ಮುಕುಂದಯ್ಯ ಸರ್, ಡಿಸೆಂಬರಿನ ಬಿಸಿಲಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು ಬರುತ್ತಿದ್ದರು. ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ನಿಂತಿದ್ದರು. ಕ್ರಿಕೆಟ್ ಮ್ಯಾಚಿಗೂ ಅಷ್ಟು ಶಿಸ್ತಿನಿಂದ ಅವರು ನಿಂತವರಲ್ಲ.

ಪಾತಿಯ ಮುಂದೆ ಭವ್ಯಾ ನಿಂತಿದ್ದಳು.

"ಸರ್, ಇವು ಅಲ್ಲ. ಇಲ್ಲಿರೋ ಮೂವತ್ತೊಂದು ನೀಲಿ ಪಟ್ಟೆ ಜೇನು. ಆರು ಮಿಡತೆ ಹಿಡಿಯೋ ಕಣಜ. ಎಲ್ಲಾ ಒಂಟಿ. ಕಚ್ಚಿದ್ದು ಗೋಡೆ ಹತ್ರ ಇರೋವು. ಅದೊಂದೇ ಗುಂಪಿನ ಗೂಡು."

"ಹುಳ ಅಂದ್ರೆ ಹುಳ," ಎಂದರು ಸರ್ ಕೊಡೆಯೊಳಗಿನಿಂದ. "ಪಕ್ಕಕ್ಕೆ ಬಾ."

"ಬರ್ದಿದೀವಿ ಸರ್. ಮೂರು ದಿನ ನೋಡಿದೀವಿ." ಅವಳು ಹಿಂದಿ ನೋಟ್‌ಬುಕ್ ಚಾಚಿದಳು.

ಸರ್ ತೆಗೆದುಕೊಳ್ಳಲಿಲ್ಲ. "ಕಚ್ಚಲ್ಲ ಅಂತ ಹೋದ ವಾರವೂ ಯಾರೋ ಹೇಳಿದ್ರಂತಲ್ಲ. ಅದನ್ನ ನಂಬಿದ ಹುಡುಗನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದೋನು ನಾನು. ಉಸಿರಾಟಕ್ಕೆ ಏನಾದ್ರೂ ಆಗಿದ್ರೆ ಅವನ ತಂದೆಗೆ ಏನು ಹೇಳ್ತಿದ್ದೆ? ಆ ರಾತ್ರಿ ನಂಗೆ ನಿದ್ದೆ ಬಂದಿಲ್ಲ."

ಅವರ ಧ್ವನಿಯಲ್ಲಿ ಯಾವತ್ತಿನ ಗದರಿಕೆ ಇರಲಿಲ್ಲ. ಮಂಕಿ ಕ್ಯಾಪಿನ ಮಧ್ಯೆ ಕಣ್ಣಷ್ಟೇ ಕಾಣುತ್ತಿತ್ತು. ಅದನ್ನು ನೋಡಿ ನಗಲು ಭವ್ಯಾಳಿಗೆ ಆಗಲಿಲ್ಲ.

ಈಗ ನಿಜ ಹೇಳಿದರೆ ತನ್ನ ಮಾತು ಯಾರೂ ನಂಬುವುದಿಲ್ಲ. ಹೇಳದಿದ್ದರೂ ನಂಬುತ್ತಿಲ್ಲ. ಜಗಲಿಯ ತುಂಬ ಮಕ್ಕಳು ನೋಡುತ್ತಿದ್ದರು. ಕ್ವಿಜ್‌ನಲ್ಲಿ ಬಜರ್ ಒತ್ತುವ ಹಾಗೆ ಅವಳು ಹೆಬ್ಬೆರಳನ್ನು ನೋಟ್‌ಬುಕ್ಕಿಗೆ ಒತ್ತಿದಳು.

"ಅದು ನಾನೇ ಸರ್."

"ಏನು ನೀನೇ?"

"ಕಚ್ಚಲ್ಲ ಅಂತ ಹೇಳಿದ್ದು. ಆಗ ಈ ಪಾತಿ ಮಾತ್ರ ನೋಡಿದ್ದೆ. ಗೋಡೆ ಕಡೆ ನೋಡಿರ್ಲಿಲ್ಲ. ನೋಡ್ದೇನೇ ಹೇಳ್ಬಿಟ್ಟೆ. ಈಗ ನೋಡಿದೀನಿ."

ಜಗಲಿಯಲ್ಲಿ ಯಾರೋ 'ಓ' ಎಂದರು. ಸರ್ ಕೊಡೆಯನ್ನು ತುಸು ಹಿಂದಕ್ಕೆ ಸರಿಸಿ ಅವಳನ್ನು ನೋಡಿದರು.

"ಹಂಗಾದ್ರೆ ವರದಿಯಲ್ಲಿ ನಿನ್ ಹೆಸರು ಬರೀಬೇಕಾಗುತ್ತೆ."

"ಬರೀರಿ ಸರ್," ಎಂದಳು ಭವ್ಯಾ. ಈ ಸಲ ಒತ್ತಕ್ಷರ ಹೇಳಿಕೊಡಲಿಲ್ಲ.

ಆಮೇಲೆ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯದೆ ಪಾತಿಯ ನಡುವೆ, ನಂಬರ್ ಕಡ್ಡಿಗಳ ಮಧ್ಯೆ ಕುಳಿತುಬಿಟ್ಟಳು. ಒಂಬತ್ತನೇ ನಂಬರ್ ಅವಳ ಎಡ ಮೊಣಕಾಲಿನ ಹತ್ತಿರ ಇತ್ತು, ಹದಿನಾಲ್ಕು ಬಲಗಡೆ. ಬಿಸಿಲು ಏರಿತ್ತು. ಜೇನುಗಳು ಹೊರಡುವ ಹೊತ್ತು.

"ಏಳು, ಏಳು ಭವ್ಯಾ," ಎಂದರು ಸರ್.

ಅಡುಗೆ ಕೋಣೆಯಿಂದ ಗುತ್ಯಮ್ಮ ಅವರೆಕಾಯಿಯ ಮೊರ ಹಿಡಿದುಕೊಂಡು ಬಂದರು. ಯಾರನ್ನೂ ಕೇಳಲಿಲ್ಲ. ಭವ್ಯಾಳ ಪಕ್ಕ ಕಾಲು ಚಾಚಿ ಕೂತು ಕಾಯಿ ಸುಲಿಯತೊಡಗಿದರು. "ದಿನಾ ಕೂರೋ ಜಾಗ ಇದು. ನೀವು ಮಾತಾಡ್ಕಳಿ, ನಂಗೆ ಹನ್ನೊಂದಕ್ಕೆ ಸಾಂಬಾರು ಆಗ್ಬೇಕು."

ಪುಷ್ಪರಾಜನೂ ಬಂದ. ಕೂರಲು ಆಗದೆ ಮಂಡಿಯೂರಿದ. ದೂರದಿಂದ ನೋಡಿದವರಿಗೆ ಅವನು ಬದನೆ ಗಿಡಕ್ಕೆ ಪೂಜೆ ಮಾಡುವ ಹಾಗೆ ಕಾಣುತ್ತಿತ್ತು.

ಜೇನುಗಳು ಹೋದವು, ಬಂದವು. ಒಂದು ಗುತ್ಯಮ್ಮನ ಸೆರಗಿನ ಮೇಲೆ ಕೂತು ಕೈಕಾಲು ಒರೆಸಿಕೊಂಡು ಹೋಯಿತು. ಇನ್ನೊಂದು ಹಾದಿ ತಪ್ಪಿ ಸರ್ ಕೊಡೆಯೊಳಗೆ ಹೊಕ್ಕಿತು. ಸರ್ ಕಲ್ಲಿನ ಹಾಗೆ ನಿಂತರು. ಅದು ಮಂಕಿ ಕ್ಯಾಪಿನ ಕುಚ್ಚನ್ನು ಹೂವೋ ಎಂದು ಪರೀಕ್ಷಿಸಿ, ಅಲ್ಲವೆಂದು ಗೊತ್ತಾಗಿ, ಹೊರಟುಹೋಯಿತು.

ದುಗ್ಗಪ್ಪ ಅಷ್ಟು ಹೊತ್ತಿಗೆ ಹೆಲ್ಮೆಟ್ ತೆಗೆದು ನೆಲಕ್ಕೆ ಬಾಗಿದ್ದರು. ಅವರ ಮುಂದೆ ಇಪ್ಪತ್ತೆರಡನೇ ನಂಬರಿನ ಕಣಜ ಮಣ್ಣು ತೋಡುತ್ತಿತ್ತು. "ಮಾರಾಯ್ರೆ, ಇಲ್ಲಿ ನೋಡಿ. ಬೋರ್‌ವೆಲ್ ಗಾಡಿ ಕೂಡ ಇಷ್ಟು ನೀಟಾಗಿ ಕೊರಿಯಲ್ಲ. ಇದು ಎಷ್ಟು ಆಳ ಹೋಗುತ್ತೆ ಹುಡುಗಿ?"

ಭವ್ಯಾ ಬಾಯಿ ತೆರೆದಳು. ಒಂದು ಅಡಿ ಎನ್ನಬಹುದಿತ್ತು. ಎರಡು ಅಡಿ ಎಂದರೂ ಅಗೆದು ನೋಡುವವರು ಯಾರು?

"ಗೊತ್ತಿಲ್ಲ," ಎಂದಳು.

ಸರ್ ಕೊಡೆ ಮಡಚಿದರು. ಹಿಂದಿ ನೋಟ್‌ಬುಕ್ ಕೈಗೆ ತೆಗೆದುಕೊಂಡು ಪುಟ ತಿರುವಿದರು. ಬಹಳ ಹೊತ್ತು ಓದಿದರು. "ಜಿನಮ್ಮ ಯಾರು?" ಎಂದು ಮಾತ್ರ ಕೇಳಿದರು. ಪುಷ್ಪರಾಜ್ ಬದನೆ ಗಿಡದ ಎಲೆ ಎಣಿಸತೊಡಗಿದ.

"ಸರಿ. ಟೈಲ್ಸ್ ವಿಷ್ಯ ಆಮೇಲೆ ನೋಡಣ," ಎಂದರು ಕೊನೆಗೆ. "ತೋಟ ಇರ್ಲಿ. ಆದ್ರೆ ಗೋಡೆ ಹತ್ರದ್ದು ಇರೋ ಹಂಗಿಲ್ಲ. ಒಂದನೇ ಕ್ಲಾಸಿನ ಮಕ್ಕಳು ಓಡಾಡೋ ಜಾಗ ಅದು. ಎಲ್ಲಿದೆ, ತೋರ್ಸು."

ಭವ್ಯಾ ಎದ್ದು, ಟ್ಯಾಂಕಿನ ಹತ್ತಿರ ಹೋಗಿ, ಬೆರಳು ಚಾಚಿ ತೋರಿಸಿದಳು. ದುಗ್ಗಪ್ಪ ದೂರದಿಂದ ನೋಡಿ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡರು. "ಇದಕ್ಕೆ ಈಗ ಕೈ ಹಾಕೋದು ಬೇಡ. ಸಾಯಂಕಾಲ ಎಲ್ಲಾ ಮನೆ ಸೇರ್ಕೊಂಡಾಗ ಬರ್ತೀನಿ. ಆಗ ಒಂದೂ ತಪ್ಪಿಸ್ಕೊಳ್ಳಲ್ಲ."

ಜಗಲಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಭವ್ಯಾಳೂ ನಕ್ಕಳು. ಮನೆಗೆ ಹೋಗುವಾಗ ಪುಷ್ಪರಾಜ್, "ಸೀಟು?" ಎಂದ.

"ಹೇಳೋದು ನಾನೇ ಹೇಳ್ಬಿಟ್ನಲ್ಲ. ಡೀಲ್ ಕ್ಯಾನ್ಸಲ್."

"ನಂಗೊತ್ತಿತ್ತು. ಒಂದು ದಿನ ತಡೀಬಾರ್ದಿತ್ತಾ," ಎಂದು ಅವನು ಗೊಣಗಿದ.

ಸೋಮವಾರ ಬದನೆಕಾಯಿ ಸಾಂಬಾರು. ಊಟ ಮುಗಿದ ಮೇಲೆ ಭವ್ಯಾ ಮತ್ತು ಪುಷ್ಪರಾಜ್ ಗೋಡೆಯ ಕಡೆ ಹೋದರು. ಹಗ್ಗ ಬಿಚ್ಚಿದ್ದರು. ಈಗ ಯಾರು ಬೇಕಾದರೂ ಹೋಗಬಹುದಿತ್ತು.

ಬಿಲದ ಬಾಯಿ ಕಪ್ಪಾಗಿತ್ತು. ಮಣ್ಣಿಗೆ ಪೆಟ್ರೋಲಿನ ವಾಸನೆ. ಗುದ್ದಲಿಯಿಂದ ಕೆದಕಿ ತೆಗೆದ ಗೂಡು ಪಕ್ಕದಲ್ಲಿ ಬಿದ್ದಿತ್ತು: ಸುಟ್ಟ ರಟ್ಟಿನಂಥ ದುಂಡನೆಯ ತಟ್ಟೆಗಳು, ಒಂದರ ಕೆಳಗೆ ಒಂದು. ಪ್ರತಿ ತಟ್ಟೆಯಲ್ಲಿ ಆರು ಮೂಲೆಯ ಸಣ್ಣ ಸಣ್ಣ ಕೋಣೆಗಳು. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಇದ್ದವು. ಕೆಲವು ಕೋಣೆಗಳ ಬಾಯಿಗೆ ಬಿಳಿ ಮುಚ್ಚಳವಿತ್ತು.

"ಒಳಗೆ ಮರಿ ಇದಾವಾ?" ಎಂದ ಪುಷ್ಪರಾಜ್.

ಭವ್ಯಾ ಬಾಗಿ ಒಂದು ಮುಚ್ಚಳವನ್ನು ಹತ್ತಿರದಿಂದ ನೋಡಿದಳು.

ಆಗ ಒಂದು ಕಣಜ ಬಂತು. ಶನಿವಾರ ಸಂಜೆ ಅದೆಲ್ಲಿ ಹೊರಗೆ ಉಳಿದಿತ್ತೋ. ಕಪ್ಪು ಮೈ, ಹಳದಿ ಬೆಲ್ಟು. ಇಬ್ಬರೂ ಮೆಲ್ಲನೆ ಹಿಂದೆ ಸರಿದು ಟ್ಯಾಂಕಿನ ಪಕ್ಕ ನಿಂತರು. ಅದು ಅವರ ಕಡೆ ಬರಲಿಲ್ಲ. ಬಿಲದ ಬಾಯಿಯ ಹತ್ತಿರ ಹೋಗಿ, ಹಿಂದೆ ಬಂದು, ಮತ್ತೆ ಹೋಯಿತು. ಕಾಲಲ್ಲಿ ಏನೋ ಹಿಡಿದುಕೊಂಡಿತ್ತು. ಮನೆಗೆ ತಂದದ್ದು.

"ಕೋಲು ಹಾಕಿದ್ದು ನಾನು," ಎಂದ ಪುಷ್ಪರಾಜ್. "ಅವು ತಾವಾಗೇ ಬಂದು ಕಚ್ಚಿಲ್ಲ."

ಭವ್ಯಾ ತನ್ನ ಬಲಗೈ ಬೆರಳು ನೋಡಿಕೊಂಡಳು. ಶನಿವಾರ ಅದೇ ಬೆರಳು ಚಾಚಿದ್ದು. ಚಿಕ್ಕ ಮಕ್ಕಳು ಇಲ್ಲಿ ಓಡಾಡುತ್ತಾರೆ, ಅದು ನಿಜ. ಸರ್ ಹೇಳಿದ್ದು ತಪ್ಪಲ್ಲ. ಇನ್ನೊಮ್ಮೆ ಕೇಳಿದರೂ ಅವಳು ತೋರಿಸುತ್ತಿದ್ದಳು, ಬಹುಶಃ. ಆದರೆ ಮಕ್ಕಳು ಮತ್ತೆ ಚಪ್ಪಾಳೆ ತಟ್ಟಿದರೆ ಆ ಸಲವೂ ನಗುತ್ತಿದ್ದಳೋ ಇಲ್ಲವೋ, ಅವಳಿಗೆ ಗೊತ್ತಾಗಲಿಲ್ಲ.

ಚೀಲದಿಂದ ಹಿಂದಿ ನೋಟ್‌ಬುಕ್ ತೆಗೆದಳು. ಮೂವತ್ತೇಳು ತೂತುಗಳಿಗೆ ಒಂಬತ್ತು ಪುಟ ತುಂಬಿತ್ತು. ಯಾರು ಎಷ್ಟು ಹೊತ್ತಿಗೆ ಎದ್ದರು, ಯಾವ ಹೂವಿಗೆ ಹೋದರು, ಯಾರು ಗೊಣಗಿದರು, ಎಲ್ಲ ಇತ್ತು. ಹತ್ತನೇ ಪುಟದಲ್ಲಿ ಒಂದೇ ಪದ, ಅದರ ಕೆಳಗೆ ಎರಡು ಗೆರೆ.

"ಟೈಮ್ ಎಷ್ಟು?" ಎಂದು ಕೇಳಿದಳು.

ಪುಷ್ಪರಾಜ್ ಆಫೀಸ್ ಕಿಟಕಿಯೊಳಗಿನ ಗಡಿಯಾರ ಇಣುಕಿ ನೋಡಿದ. "ಒಂದೂವರೆ."

ಭವ್ಯಾ ಟ್ಯಾಂಕಿನ ನೆರಳಿನಲ್ಲಿ ಕೂತಳು. ಅವನೂ ನಿಧಾನವಾಗಿ, ಒಂದು ಮಗ್ಗುಲಿಗೆ ವಾಲಿಕೊಂಡು, ಪಕ್ಕದಲ್ಲಿ ಕೂತ. ಅವಳು ಎರಡು ಗೆರೆಗಳ ಕೆಳಗೆ ಬರೆದಳು: 'ಒಂದೂವರೆ ಗಂಟೆ. ಒಂದು ಬಂದಿದೆ. ಬಾಗಿಲು ಹುಡುಕುತ್ತಿದೆ.'

ಬೆಲ್ಲಾಗುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದರು.